ಅಂತರ: ಅಹಿಂಸೆಗೋ, ಅಹಂಕಾರಕ್ಕೋ?

ವಿಜಯಪುರದಿಂದ ತಿಕೋಟಾ ಎಷ್ಟು ದೂರ, ತಿಕೋಟಾದಿಂದ ಕಳ್ಳಕವಟಗಿ ಎಷ್ಟು ದೂರ ಎಂಬುದನ್ನು ರಸ್ತೆಯ ಬದಿಯ ಕಲ್ಲು ಹೇಳುತ್ತದೆ. ಆದರೆ ಕಳ್ಳಕವಟಗಿಯಂಥ ಯಾವುದೇ ಊರಿನಲ್ಲಿ ಅಗಸಿಯಿಂದ ಕೇರಿ ಎಷ್ಟು ದೂರ ಎಂಬುದನ್ನು ಹೇಳುವ ಕಲ್ಲನ್ನು ಯಾವ ಸರಕಾರವೂ ನೆಟ್ಟಿಲ್ಲ. ಹೆಜ್ಜೆಯಲ್ಲಿ ಎಣಿಸಿದರೆ ಅದು ನೂರೋ ಇನ್ನೂರೋ ಹೆಜ್ಜೆ. ತಲೆಮಾರುಗಳಲ್ಲಿ ಎಣಿಸಹೊರಟರೆ ಲೆಕ್ಕಕ್ಕೆ ಸಿಗದು.

ಈ ಸೀಮೆ ದ್ರಾಕ್ಷಿಯ ಸೀಮೆ. ಬಳ್ಳಿ ಸವರುವ, ಗೊನೆ ಕೊಯ್ಯುವ, ಒಣದ್ರಾಕ್ಷಿಯನ್ನು ಹಸನುಗೊಳಿಸುವ ಕೈ ಯಾವ ಕುಲದ್ದೆಂದು ತೋಟದಲ್ಲಿ ಯಾರೂ ವಿಚಾರಿಸುವುದಿಲ್ಲ. ಆ ಕೈ ಮುಟ್ಟಿದ ಹಣ್ಣು ಮನೆಯೊಳಕ್ಕೂ ಬರುತ್ತದೆ, ಪೂಜೆಯ ತಟ್ಟೆಗೂ ಏರುತ್ತದೆ. ಅದೇ ಕೈ ಕುಡಿಯುವ ನೀರಿನ ಚರಿಗೆಯತ್ತ ಚಾಚಿದಾಗ ಮಾತ್ರ ಎಷ್ಟೋ ಮನೆಗಳಲ್ಲಿ ಕುಲ ನೆನಪಾಗುತ್ತದೆ. ಫಲಕ್ಕೆ ತಗಲದ ಮೈಲಿಗೆ ಪಾತ್ರೆಗೆ ಹೇಗೆ ತಗಲುತ್ತದೆ ಎಂಬ ಪ್ರಶ್ನೆಗೆ ಆ ಮನೆಗಳಲ್ಲಿ ಉತ್ತರವಿಲ್ಲ. ಪ್ರಶ್ನೆಯೇ ಅಲ್ಲಿ ಎದ್ದಿಲ್ಲ.

2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಸಾಂಕ್ರಾಮಿಕದ ನಿಮಿತ್ತ 'ಸಾಮಾಜಿಕ ಅಂತರ' ಎಂಬ ಶಬ್ದ ನಾಡಿನ ಗೋಡೆಗೋಡೆಯ ಮೇಲೂ ಮೂಡಿತು. ಅಂಗಡಿಯ ಮುಂದೆ, ಬಸದಿಯ ಮುಂದೆ ಸುಣ್ಣದ ವೃತ್ತಗಳು ಬಿದ್ದವು. ಆ ಶಬ್ದ ತಪ್ಪು ಅರ್ಥ ಕೊಡುತ್ತದೆಂದು ಮನಗಂಡು ವಿಶ್ವ ಆರೋಗ್ಯ ಸಂಸ್ಥೆ ಅದೇ ತಿಂಗಳು 'ದೈಹಿಕ ಅಂತರ' ಎಂಬ ಮಾತನ್ನು ಬಳಸತೊಡಗಿತು. ದೇಹಗಳು ದೂರವಿರಲಿ, ಮನುಷ್ಯರ ಸಂಬಂಧ ಹತ್ತಿರವೇ ಇರಲಿ ಎಂಬುದು ಅದರ ಆಶಯ. ಆದರೆ ಭಾರತದಲ್ಲಿ ಮೊದಲಿನ ಶಬ್ದವೇ ಉಳಿಯಿತು. ಅದರ ಬೆನ್ನಿಗೆ ಒಂದು ಹೆಮ್ಮೆಯೂ ಹುಟ್ಟಿತು. "ಹಿರಿಯರ ಮಡಿ-ಮೈಲಿಗೆಯೇ ವಿಜ್ಞಾನ. ಜಗತ್ತು ಈಗ ಕಲಿಯುತ್ತಿರುವುದನ್ನು ಹಿರಿಯರು ಎಂದೋ ಆಚರಿಸಿದ್ದರು" ಎಂಬ ಮಾತು ಕಟ್ಟೆಗಳ ಮೇಲೆ, ಮೊಬೈಲ್ ಸಂದೇಶಗಳಲ್ಲಿ ಹರಿದಾಡಿತು. ಜೈನ ಮನೆಗಳೂ ಈ ಹೆಮ್ಮೆಯಿಂದ ಹೊರತಾಗಿರಲಿಲ್ಲ. ರೋಗ ಇಳಿದುಹೋಯಿತು, ಹೆಮ್ಮೆ ಇಳಿಯಲಿಲ್ಲ. ಆದುದರಿಂದ ಆ ಹೆಮ್ಮೆಯನ್ನು ಜಿನಧರ್ಮದ ಒರೆಗಲ್ಲಿಗೆ ಹಚ್ಚಿ ನೋಡಬೇಕಾಗಿದೆ.

ಮೂರು ಪ್ರಶ್ನೆಗಳು

ಯಾವುದೇ ಅಂತರ ಧರ್ಮವೋ ಅಧರ್ಮವೋ ಎಂದು ತಿಳಿಯಲು ಮೂರು ಪ್ರಶ್ನೆಗಳು ಸಾಕು. ಅದು ಎರಡೂ ಕಡೆಯವರಿಗೆ ಸಮನಾಗಿ ಅನ್ವಯಿಸುತ್ತದೆಯೆ? ಅದಕ್ಕೆ ಕೊನೆಯ ದಿನ ಉಂಟೆ? ಅದು ಎದುರಿನ ಜೀವದ ರಕ್ಷಣೆಗಾಗಿ ಇದೆಯೆ?

ಸಾಂಕ್ರಾಮಿಕದ ದಿನಗಳ ಅಂತರ ಈ ಮೂರಕ್ಕೂ ಹೌದೆಂದು ಉತ್ತರಿಸುತ್ತದೆ. ಸಾಹುಕಾರನೂ ವೃತ್ತದಲ್ಲೇ ನಿಂತ, ಕೂಲಿಯವನೂ ವೃತ್ತದಲ್ಲೇ ನಿಂತ. ರೋಗಿಯ ಪ್ರತ್ಯೇಕವಾಸಕ್ಕೆ ದಿನಗಳ ಗಣನೆಯಿತ್ತು. ಅವಧಿ ಮುಗಿದ ಮೇಲೆ ಅವನು ಎಲ್ಲರಂತೆ ಮನೆಯವನು. ತನ್ನಿಂದ ಇನ್ನೊಬ್ಬರಿಗೆ ಕೇಡು ತಟ್ಟದಿರಲಿ ಎಂಬುದೇ ಅದರ ಉದ್ದೇಶ. ಜೈನ ಮನೆಗಳ ಜನನ-ಮರಣದ ಸೂತಕವನ್ನೇ ನೋಡಿದರೂ ಅದು ಸ್ವಂತ ಕುಟುಂಬದ ಮೇಲೆ ಬೀಳುತ್ತದೆ, ಅದಕ್ಕೆ ದಿನದ ಲೆಕ್ಕವಿದೆ, ಲೆಕ್ಕ ಮುಗಿದೊಡನೆ ಬಾಗಿಲು ತೆರೆಯುತ್ತದೆ. ಜಾತಿಯ ಸೂತಕಕ್ಕೆ ಮಾತ್ರ ಕೊನೆಯ ದಿನವಿಲ್ಲ. ಹುಟ್ಟುವ ಮೊದಲೇ ಅದು ಮಗುವಿಗೆ ತಗಲುತ್ತದೆ, ಸತ್ತ ಮೇಲೂ ಸ್ಮಶಾನದಲ್ಲಿ ಕಾಯುತ್ತದೆ. ಅದು ಒಂದೇ ದಿಕ್ಕಿಗೆ ಹರಿಯುವ ನೀರು. ಮೇಲಿನವನು ಕೆಳಗಿನವನ ಮನೆಯಂಗಳಕ್ಕೆ ಸಾಲ ವಸೂಲಿಗೆ, ಮತಯಾಚನೆಗೆ ಹೋಗಬಹುದು. ಕೆಳಗಿನವನು ಮೇಲಿನವನ ಹೊಸ್ತಿಲು ದಾಟಲಾಗದು. ಅದರಿಂದ ರಕ್ಷಣೆ ಪಡೆಯುವ ಜೀವ ಒಂದೂ ಇಲ್ಲ. ಪುಷ್ಟಿಗೊಳ್ಳುವುದು ಮಾನಕಷಾಯ ಮಾತ್ರ.

ಜಿನಧರ್ಮಕ್ಕೆ ಅಂತರದ ಅರ್ಥ ತಿಳಿಯದೆಂದಲ್ಲ. ಈರ್ಯಾಸಮಿತಿಯನ್ನು ಪಾಲಿಸುವ ಮುನಿ ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುತ್ತಾನೆ. ಆ ನಾಲ್ಕು ಮೊಳದ ಅಂತರ ಇರುವೆಗಾಗಿ. ಸೋಸಿದ ನೀರು, ಸೂರ್ಯಾಸ್ತದ ಮುಂಚಿನ ಊಟ, ಕೈಯಲ್ಲಿನ ಪಿಂಛಿ, ಇವೆಲ್ಲ ಕಣ್ಣಿಗೆ ಕಾಣದ ಜೀವಕ್ಕೆ ಬಿಟ್ಟುಕೊಟ್ಟ ಎಡೆ. ಇರುವೆಗೆ ದಾರಿ ಬಿಟ್ಟುಕೊಡಲೆಂದು ಕಲಿಸಿದ ಅಂತರವನ್ನು ಮನುಷ್ಯನ ದಾರಿ ಕಟ್ಟಲು ಬಳಸಿದ ಶ್ರಾವಕನು ಅಹಿಂಸೆಯ ಆಯುಧದಿಂದಲೇ ಹಿಂಸೆ ಮಾಡಿದಂತಾಯಿತು.

ಶಾಸ್ತ್ರ ಯಾರ ಪಕ್ಷ?

ಸಂಪ್ರದಾಯದ ಹೆಸರಿನಲ್ಲಿ ಅಂತರವನ್ನು ಸಮರ್ಥಿಸುವವರು ಶಾಸ್ತ್ರವನ್ನೇ ತೆರೆದು ನೋಡಬೇಕು. ಶ್ರಾವಕಧರ್ಮಕ್ಕೆ ಆಧಾರವಾದ ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಎಂಟು ಮದಗಳನ್ನು ಎಣಿಸುತ್ತಾರೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ರೂಪ. ಇವು ಸಮ್ಯಗ್ದರ್ಶನವನ್ನೇ ಕೆಡಿಸುವ ದೋಷಗಳು. ತಂದೆಯ ವಂಶದ ಹೆಮ್ಮೆ ಒಂದು, ತಾಯಿಯ ವಂಶದ ಹೆಮ್ಮೆ ಒಂದು, ಹೀಗೆ ಹುಟ್ಟಿನ ಗರ್ವಕ್ಕೆ ಎಂಟರಲ್ಲಿ ಎರಡು ಸ್ಥಾನ ಕೊಟ್ಟಿರುವುದು ಆಕಸ್ಮಿಕವಲ್ಲ. ಅದೇ ಗ್ರಂಥ ಸಮ್ಯಗ್ದರ್ಶನವುಳ್ಳ ಚಾಂಡಾಲನನ್ನು ದೇವಸಮಾನನೆಂದು ಗಣಿಸುತ್ತದೆ. ಅಹಿಂಸಾಣುವ್ರತಕ್ಕೆ ಮಾದರಿಯಾಗಿ ಅದು ಹೆಸರಿಸುವುದು ಮಾತಂಗನೊಬ್ಬನನ್ನು. ಚತುರ್ದಶಿಯಂದು ಕೊಲ್ಲುವುದಿಲ್ಲವೆಂದು ವ್ರತ ತೊಟ್ಟು, ರಾಜಾಜ್ಞೆಯನ್ನೂ ಪ್ರಾಣಭಯವನ್ನೂ ಲೆಕ್ಕಿಸದ ಯಮಪಾಲನ ಕಥೆಯನ್ನು ಜೈನ ಮಕ್ಕಳು ಪಾಠಶಾಲೆಯಲ್ಲಿ ಕೇಳುತ್ತಾರೆ. ಆ ಯಮಪಾಲ ಇಂದು ಊರ ಬಸದಿಯ ಮೆಟ್ಟಿಲಿಗೆ ಬಂದರೆ ಅವನನ್ನು ಒಳಗೆ ಕರೆಯುವವರೆಷ್ಟು ಮಂದಿ?

ಸಮವಸರಣದಲ್ಲಿ ಹನ್ನೆರಡು ಕೋಷ್ಠಗಳು. ಮುನಿಗಳಿಗೆ, ಆರ್ಯಿಕೆಯರಿಗೆ, ದೇವದೇವಿಯರಿಗೆ, ಮನುಷ್ಯರಿಗೆ, ಪಶುಪಕ್ಷಿಗಳಿಗೆ ಅಲ್ಲಿ ಎಡೆಯಿದೆ. ಕುಲಕ್ಕೊಂದು ಕೋಷ್ಠವನ್ನು ಇಂದ್ರನೂ ನಿರ್ಮಿಸಲಿಲ್ಲ. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ವರ್ಣಗಳ ಉತ್ಪತ್ತಿಯನ್ನು ಹೇಳಿದ್ದಾರೆಂಬುದು ನಿಜ. ಆದರೆ ಮನುಷ್ಯಜಾತಿಯಲ್ಲಿ ಮೂಲತಃ ಭೇದವಿಲ್ಲ, ಭೇದ ಬಂದದ್ದು ವೃತ್ತಿಯಿಂದ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. 941ರಲ್ಲಿ ಆದಿಪುರಾಣವನ್ನು ಕನ್ನಡಕ್ಕೆ ತಂದ ಪಂಪನೂ ಆ ಮಾತನ್ನು ಬಿಡಲಿಲ್ಲ.

ಇಲ್ಲಿ ತಿಳಿದವರೊಬ್ಬರು ಗೋತ್ರಕರ್ಮದ ಪ್ರಶ್ನೆ ಎತ್ತಬಹುದು. ಉಚ್ಚಗೋತ್ರ, ನೀಚಗೋತ್ರ ಎಂಬುದು ಕರ್ಮಸಿದ್ಧಾಂತದಲ್ಲಿಯೇ ಇದೆಯಲ್ಲವೆ? ಇದೆ. ಆದರೆ ನೀಚಗೋತ್ರದ ಆಸ್ರವಕ್ಕೆ ಕಾರಣ ಯಾವುದೆಂಬುದನ್ನೂ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಹೇಳುತ್ತದೆ: ಪರನಿಂದೆ, ಆತ್ಮಪ್ರಶಂಸೆ, ಇನ್ನೊಬ್ಬರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಮೆರೆಯುವುದು. ಎದುರಿನವನನ್ನು ಹುಟ್ಟಿನಿಂದ ಕೀಳೆಂದು ದೂರವಿಡುವವನು ಆ ಕ್ಷಣದಲ್ಲಿ ಯಾವ ಗೋತ್ರವನ್ನು ಕಟ್ಟಿಕೊಳ್ಳುತ್ತಿದ್ದಾನೆ ಎಂಬುದನ್ನು ಅವನೇ ಲೆಕ್ಕ ಹಾಕಲಿ. ಗೋತ್ರಕರ್ಮದ ಸಿದ್ಧಾಂತ ತೋರಿಸುವ ಬೆರಳು ಅಗಸಿಯ ಹೊರಗಿನವನ ಕಡೆಗಿಲ್ಲ. ಅಗಸಿಯ ಒಳಗೆ ಬೀಗುತ್ತ ಕುಳಿತವನ ಕಡೆಗಿದೆ.

ಬೆವರು ಹತ್ತಿರ, ಬೆರಳು ದೂರ

ಅಮೆರಿಕದ ಸಮಾಜಶಾಸ್ತ್ರಜ್ಞ ಎಮೊರಿ ಬೊಗಾರ್ಡಸ್ 1925ರಲ್ಲಿ ಸಾಮಾಜಿಕ ಅಂತರವನ್ನು ಅಳೆಯುವ ಏಳು ಮೆಟ್ಟಿಲಿನ ಏಣಿಯೊಂದನ್ನು ರೂಪಿಸಿದರು. ಬೇರೊಂದು ಸಮುದಾಯದವನನ್ನು ಬೀಗನಾಗಿ ಒಪ್ಪುವಿರಾ, ಗೆಳೆಯನಾಗಿ ಒಪ್ಪುವಿರಾ, ನೆರೆಯವನಾಗಿ, ಜತೆಯ ಕೆಲಸಗಾರನಾಗಿ, ದೇಶದ ಪ್ರಜೆಯಾಗಿ, ಬಂದುಹೋಗುವ ಅತಿಥಿಯಾಗಿ ಒಪ್ಪುವಿರಾ, ಅಥವಾ ದೇಶದಿಂದಲೇ ಹೊರಗಿಡುವಿರಾ ಎಂದು ಪ್ರಶ್ನೆ ಕೇಳುತ್ತ ಹೋಗುವುದು ಅದರ ಕ್ರಮ. ಒಂದು ಮೆಟ್ಟಿಲಲ್ಲಿ ಒಪ್ಪಿದವನು ಅದಕ್ಕಿಂತ ದೂರದ ಮೆಟ್ಟಿಲುಗಳಲ್ಲಿ ಒಪ್ಪಿಯೇ ಒಪ್ಪುತ್ತಾನೆಂಬುದು ಅದರ ತರ್ಕ.

ಆ ಏಣಿಯನ್ನು ಕರ್ನಾಟಕದ ಹಳ್ಳಿಗೆ ತಂದರೆ ನಡುವೆಯೇ ಮುರಿಯುತ್ತದೆ. ಇಲ್ಲಿ ಕೆಲಸಗಾರನಾಗಿ ತಲೆಮಾರುಗಳಿಂದ ಒಪ್ಪಿತನಾದವನು ಅತಿಥಿಯಾಗಿ ಒಂದು ಗಳಿಗೆಗೂ ಒಪ್ಪಿತನಲ್ಲ. ಹೊಲದಲ್ಲಿ ಬೆನ್ನಿಗೆ ಬೆನ್ನು ತಾಗಿಸಿ ದುಡಿದವನಿಗೆ ಮನೆಯಲ್ಲಿ ಬೇರೆ ಲೋಟ. ಬೆವರು ಹತ್ತಿರ, ಬೆರಳು ದೂರ. ದೂರದ ದೇಶದ ಅಪರಿಚಿತನ ವಿಷಯದಲ್ಲಿ ಅಮೆರಿಕದವನಿಗಿದ್ದದ್ದು ಅಂಜಿಕೆ; ದಿನವೂ ಮುಖ ನೋಡುವವನ ವಿಷಯದಲ್ಲಿ ಇಲ್ಲಿರುವುದು ತಿರಸ್ಕಾರ. ಅಂಜಿಕೆ ಪರಿಚಯದಿಂದ ಕರಗೀತು. ಪರಿಚಯದ ನಡುವೆಯೇ ಬೆಳೆದ ತಿರಸ್ಕಾರವನ್ನು ಬುದ್ಧಿಪೂರ್ವಕವಾಗಿಯೇ ಬಿಡಬೇಕಾಗುತ್ತದೆ.

"ಇದು ಜಾತಿಯಲ್ಲ, ಆಹಾರಶುದ್ಧಿ" ಎಂಬ ಸಮಾಧಾನ ಸಾಮಾನ್ಯ. ಆಹಾರಶುದ್ಧಿ ಶ್ರಾವಕನ ಮೂಲಗುಣ. ಅದನ್ನು ಸಡಿಲಿಸೆಂದು ಯಾರೂ ಕೇಳುತ್ತಿಲ್ಲ. ಕೇಳಬೇಕಾದುದು ಇಷ್ಟೆ: ಆ ನಿಯಮ ಆಹಾರವನ್ನು ನೋಡುತ್ತದೆಯೋ, ಹುಟ್ಟನ್ನು ನೋಡುತ್ತದೆಯೋ? ಪಟ್ಟಣದ ಹೋಟೆಲಿನಲ್ಲಿ ಮದ್ಯಮಾಂಸ ಸೇವಿಸಿ ಬಂದ ಬಂಧುವಿಗೆ ಪಂಕ್ತಿಯ ಮೊದಲ ಎಲೆ. ಮದ್ಯಮಾಂಸವನ್ನು ಮುಟ್ಟದ ಕೂಲಿಯಾಳಿಗೆ ಹಿತ್ತಿಲ ಎಲೆ. ಇದು ಆಹಾರಶುದ್ಧಿಯಾಗಿದ್ದರೆ ಎಲೆಗಳು ಅದಲುಬದಲಾಗಬೇಕಿತ್ತು.

1951ರ ತೀರ್ಪು ಹೇಳಿದ್ದೇನು?

ಬಸದಿಯ ಬಾಗಿಲಿನ ಮಾತು ಬಂದಾಗ ಹಿರಿಯರು ಒಂದು ಪ್ರಕರಣವನ್ನು ನೆನೆಯುತ್ತಾರೆ. ವಿಜಯಪುರ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲ. ಆ ಪ್ರಾಂತ್ಯದಲ್ಲಿ 1947ರಲ್ಲಿ ಹರಿಜನ ದೇವಾಲಯ ಪ್ರವೇಶ ಕಾಯಿದೆ ಬಂದಿತು. ಜೈನಮಂದಿರಗಳಿಗೂ ಅದನ್ನು ಅನ್ವಯಿಸಿದಾಗ, ಇದರಿಂದ ಜೈನಧರ್ಮದ ಸ್ವತಂತ್ರ ಅಸ್ತಿತ್ವಕ್ಕೆ ಧಕ್ಕೆಯೆಂದು ಬಗೆದು ಪರಮಪೂಜ್ಯ ಆಚಾರ್ಯ ಶಾಂತಿಸಾಗರ ಮಹಾರಾಜರು 1948ರಲ್ಲಿ ಅನ್ನತ್ಯಾಗ ಮಾಡಿದರು. ಸೊಲ್ಲಾಪುರ ಜಿಲ್ಲೆಯ ಅಕಲೂಜದ ಜೈನಮಂದಿರದ ಪ್ರಕರಣ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. 1951ರ ಜುಲೈಯಲ್ಲಿ ಮುಖ್ಯ ನ್ಯಾಯಮೂರ್ತಿ ಛಾಗಲಾ ಅವರಿದ್ದ ಪೀಠ ತೀರ್ಪು ಕೊಟ್ಟಿತು. ಮುಂದಿನ ತಿಂಗಳು, ಸುಮಾರು ಮೂರು ವರ್ಷಗಳ ತರುವಾಯ, ಆಚಾರ್ಯರು ಅನ್ನ ಸ್ವೀಕರಿಸಿದರು.

ಆ ತೀರ್ಪನ್ನು ಇಂದಿಗೂ ಕೆಲವರು ಅಂತರಕ್ಕೆ ದೊರೆತ ರಾಜಮುದ್ರೆಯೆಂಬಂತೆ ಉಲ್ಲೇಖಿಸುವುದುಂಟು. ನ್ಯಾಯಾಲಯದ ತರ್ಕ ಬೇರೆಯೇ ಆಗಿತ್ತು. ಹಿಂದೂಗಳಿಗಿರುವ ಹಕ್ಕನ್ನು ಹರಿಜನರಿಗೂ ಕೊಡುವುದು ಆ ಕಾಯಿದೆಯ ಉದ್ದೇಶ. ಜೈನಮಂದಿರದಲ್ಲಿ ಹಿಂದೂಗಳಿಗೇ ಹಕ್ಕಿಲ್ಲವೆಂದಾದರೆ ಆ ಕಾಯಿದೆಯ ಬಲದಿಂದ ಹರಿಜನರೂ ಹಕ್ಕು ಕೇಳಲಾಗದು ಎಂಬುದೇ ಅದರ ಸಾರ. ಮನುಷ್ಯನೊಬ್ಬನು ಅಸ್ಪೃಶ್ಯನೆಂದು ಆ ಪೀಠ ಹೇಳಲಿಲ್ಲ. ಆಚಾರ್ಯರ ತ್ಯಾಗ ಧರ್ಮದ ಪ್ರತ್ಯೇಕತೆಗಾಗಿ. ಅದನ್ನು ಮನುಷ್ಯರ ಪ್ರತ್ಯೇಕತೆಗೆ ಸಾಕ್ಷಿಯಾಗಿ ನಿಲ್ಲಿಸುವವರು ಆ ತಪಸ್ಸಿಗೆ ಗೌರವ ತರುತ್ತಿಲ್ಲ.

ಮೇಲಾಗಿ ಆ ತೀರ್ಪಿನ ನೆರಳೂ ಬಹುಕಾಲ ಉಳಿಯಲಿಲ್ಲ. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ಆಗಲೇ ರದ್ದುಗೊಳಿಸಿತ್ತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ, ಪೂಜಾಸ್ಥಳಗಳ ಪ್ರವೇಶದ ಮಟ್ಟಿಗೆ ಬೌದ್ಧ, ಸಿಖ್ಖ, ಜೈನರನ್ನೂ ಹಿಂದೂಗಳೊಂದಿಗೇ ಪರಿಗಣಿಸಬೇಕೆಂದು ವಿವರಣೆಯಲ್ಲಿ ಸ್ಪಷ್ಟವಾಗಿ ಬರೆಯಿತು. 1976ರಿಂದ ಅದೇ ಕಾಯಿದೆಗೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂಬ ಹೆಸರು. 2014ರ ಜನವರಿಯಲ್ಲಿ ಜೈನರಿಗೆ ದೊರೆತ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನವೂ ಈ ಹೊಣೆಯನ್ನು ಕಳೆಯುವುದಿಲ್ಲ. ಆದರೆ ಧರ್ಮನಿಷ್ಠ ಸಮಾಜಕ್ಕೆ ಕಾನೂನಿನ ಬೆದರಿಕೆ ಬೇಕಾಗಬಾರದು. ಪೋಲೀಸರ ಭಯದಿಂದ ತೆರೆದ ಬಾಗಿಲು ತೆರೆದ ಬಾಗಿಲಲ್ಲ.

ಕೈಗೆ ಕೈ ಸೇರಿದ ದಿನ

ಜೈನರೇ ಅಂತರದ ನೋವುಂಡ ಕಾಲವೊಂದಿತ್ತೆಂಬುದನ್ನು ಶ್ರವಣಬೆಳಗೊಳದ 1368ರ ಶಾಸನ ಹೇಳುತ್ತದೆ. ಶ್ರೀವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಹಲವು ನಾಡುಗಳ ಜೈನರು ವಿಜಯನಗರದ ಬುಕ್ಕರಾಯನಿಗೆ ಮೊರೆಯಿಟ್ಟರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕನ್ನು ಎತ್ತಿಹಿಡಿದನು. ಈ ಭಾಗವನ್ನು ಜೈನ ಸಭೆಗಳಲ್ಲಿ ಅಭಿಮಾನದಿಂದ ಹೇಳುತ್ತಾರೆ. ಆದರೆ ಆ ವೈಷ್ಣವ ಸಮೂಹದ ಪಟ್ಟಿಯಲ್ಲಿ ತಿರುಕುಲದವರೂ ಜಾಂಬವಕುಲದವರೂ ಇದ್ದರೆಂಬುದನ್ನು ಯಾರೂ ಹೇಳುವುದಿಲ್ಲ. ಅಸ್ಪೃಶ್ಯರೆನಿಸಿದ ಕುಲಗಳಿಂದ ಬಂದ ಭಕ್ತರೆಂದು ವಿದ್ವಾಂಸರು ಗುರುತಿಸುವುದು ಇವರನ್ನೇ. ಅಂದು ತಮ್ಮ ಹಕ್ಕು ಉಳಿಯಲು ಜೈನರು ಕೈ ಕೊಟ್ಟ ಸಮೂಹದಲ್ಲಿ ಆ ಕೈಗಳೂ ಇದ್ದವು. ಹಕ್ಕು ಬೇಕಾದಾಗ ಹಿಡಿದ ಕೈಯನ್ನು ಹಕ್ಕು ದೊರೆತ ಮೇಲೆ ಬಿಡುವುದು ಯಾವ ಧರ್ಮ?

ಜೈನ ಸಮಾಜದ ಒಳಗಿನಿಂದಲೇ ಇದಕ್ಕೆ ಉತ್ತರ ಕೊಟ್ಟವರು ಕರ್ಮವೀರ ಭಾವೂರಾವ್ ಪಾಟೀಲರು. 1887ರಲ್ಲಿ ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಅವರು ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದರು. ಅಸ್ಪೃಶ್ಯ ವಿದ್ಯಾರ್ಥಿಗಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದ ಮೇಲೆ ಶುದ್ಧಿಸ್ನಾನ ಮಾಡಬೇಕೆಂದು ಹೇಳಿದಾಗ ಅವರು ಒಪ್ಪಲಿಲ್ಲ; ಬೋರ್ಡಿಂಗನ್ನು ಬಿಡಬೇಕಾಯಿತು. ಒಂದು ಕೊಡ ನೀರನ್ನು ನಿರಾಕರಿಸಿದ ಆ ಹುಡುಗ 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ತೆರೆದ ವಸತಿಗೃಹದಲ್ಲಿ ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಪಂಕ್ತಿಯಲ್ಲಿ ಉಣ್ಣಿಸಿದರು. ಇಂದು ಜೈನ ಸಮಾಜ ಅವರ ಭಾವಚಿತ್ರಕ್ಕೆ ಮಾಲೆ ಹಾಕುತ್ತದೆ. ಮಾಲೆ ಹಾಕುವ ಸಭೆಯ ಅಡುಗೆಮನೆಯಲ್ಲಿ ಅವರ ಪಂಕ್ತಿ ಇದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಒಳಗಿನ ಗೋಡೆ

ಹೊರಗಿನವರನ್ನು ದೂರವಿಡುವ ಅಭ್ಯಾಸ ಹೊರಗೇ ನಿಲ್ಲುವುದಿಲ್ಲ. ಚತುರ್ಥ, ಪಂಚಮ, ಕಾಸಾರ ಅಥವಾ ಬೋಗಾರ, ಸೇತವಾಳ, ಉಪಾಧ್ಯಾಯ ಎಂಬ ಒಳಪಂಗಡಗಳು ದಕ್ಷಿಣದ ದಿಗಂಬರ ಸಮಾಜವನ್ನು ಹೋಳುಮಾಡಿವೆ. ಚತುರ್ಥರಿಗೆ ನಾಂದಣಿಯ ಮಠ, ಪಂಚಮರಿಗೆ ಕೊಲ್ಲಾಪುರದ ಮಠ. ತೀರ್ಥಂಕರರು ಅವರೇ, ಣಮೋಕಾರ ಮಂತ್ರ ಅದೇ, ಹೊಲದ ಬದುಗಳು ಒಂದಕ್ಕೊಂದು ಹೊಂದಿವೆ. ಹೆಣ್ಣು ಕೊಟ್ಟು ತರುವ ಮಾತು ಬಂದಾಗ ಮಾತ್ರ ಗೋಡೆ ಏಳುತ್ತದೆ. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಈ ಹೋಳುಗಳನ್ನೆಲ್ಲ ಒಂದು ಚಪ್ಪರದಡಿ ಕೂಡಿಸಿತು. ಕೂತು ಏಳುವುದು ಒಟ್ಟಿಗೆ ಆಯಿತು; ಬೀಗತನ ಇನ್ನೂ ಬಹುಪಾಲು ಹಳೆಯ ಬೇಲಿಯೊಳಗೇ ಇದೆ.

"ಚಿಕ್ಕ ಸಮಾಜ, ಬೆರೆತರೆ ಕರಗಿಹೋದೀತು" ಎಂಬ ಭಯವನ್ನು ಹಗುರವಾಗಿ ಕಾಣಲಾಗದು. 2011ರ ಜನಗಣತಿಯಂತೆ ಕರ್ನಾಟಕದ ಜೈನರು ಸುಮಾರು 4 ಲಕ್ಷ 40 ಸಾವಿರ, ರಾಜ್ಯದ ಜನಸಂಖ್ಯೆಯಲ್ಲಿ ನೂರಕ್ಕೆ ಒಂದೂ ಇಲ್ಲ. ಆದರೆ ಇಷ್ಟು ಚಿಕ್ಕದಾದ ಸಮಾಜವನ್ನು ಮತ್ತೆ ಐದಾರು ಹೋಳು ಮಾಡುವುದು ಉಳಿಸುವ ದಾರಿಯೆ? ರೈತ ಮನೆಯ ವರನಿಗೆ ಕನ್ಯೆ ಸಿಗುವುದಿಲ್ಲವೆಂದು ಕೊರಗುವ ತಂದೆ, ಎರಡು ಓಣಿ ಆಚೆಯ ಜೈನ ಕನ್ಯೆಯನ್ನು ಪಂಗಡ ಬೇರೆಯೆಂದು ಬಿಟ್ಟು ಜತ್ತ, ಸಾಂಗಲಿಗಳ ವರೆಗೆ ಅಲೆಯುತ್ತಾನೆ. ಸಮಾಜ ಕರಗುವುದು ಬೆರೆಯುವುದರಿಂದಲ್ಲ, ಹೀಗೆ ಒಣಗುವುದರಿಂದ.

ಟ್ರಸ್ಟುಗಳ ಮುಂದಿರುವ ಕೆಲಸ

ಈ ಮಾತುಗಳು ಪರ್ಯೂಷಣದ ಉಪನ್ಯಾಸಕ್ಕೆ ಮೀಸಲಾದರೆ ವ್ಯರ್ಥ. ಮಾಡಬೇಕಾದ ಕೆಲಸ ಬಸದಿಯ ಟ್ರಸ್ಟುಗಳ ಕೈಯಲ್ಲಿದೆ, ಅದು ದೊಡ್ಡ ಹಣದ ಕೆಲಸವೂ ಅಲ್ಲ. ಬಸದಿಯ ಪ್ರವೇಶಕ್ಕೆ ನಿಯಮಗಳಿರಲಿ: ಸ್ನಾನ, ಶುಚಿವಸ್ತ್ರ, ಮದ್ಯಮಾಂಸದ ತ್ಯಾಗ, ಮೌನ. ಆ ನಿಯಮಗಳು ಆಚಾರವನ್ನು ಕೇಳಲಿ, ಹುಟ್ಟನ್ನು ಕೇಳದಿರಲಿ; ಟ್ರಸ್ಟಿಯ ಮಗನಿಗೂ ಕೇರಿಯ ಮಗನಿಗೂ ಒಂದೇ ಆಗಿರಲಿ. ಪಂಚಕಲ್ಯಾಣ ಪೂಜೆಗಳಲ್ಲಿ ಚಪ್ಪರ ಹಾಕಿದವನು, ಕಸ ಗುಡಿಸಿದವಳು, ಪಾತ್ರೆ ತೊಳೆದವಳು ಎಲ್ಲರೊಂದಿಗೆ ಅದೇ ಪಂಕ್ತಿಯಲ್ಲಿ, ಅದೇ ಹೊತ್ತಿಗೆ ಉಣ್ಣಲಿ. ವಧೂವರರ ಮೇಳಗಳ ಅರ್ಜಿಯಲ್ಲಿ ಒಳಪಂಗಡದ ಕಲಮನ್ನು ತೆಗೆದುಹಾಕಲಿ. ಟ್ರಸ್ಟುಗಳು ನಡೆಸುವ ವಸತಿಗೃಹಗಳಲ್ಲಿ ಶಾಕಾಹಾರದ ನಿಯಮವನ್ನು ಒಪ್ಪುವ ಬಡ ವಿದ್ಯಾರ್ಥಿಗೆ ಅವನ ಜಾತಿ ನೋಡದೆ ಒಂದೆರಡು ಸ್ಥಾನ ದೊರೆಯಲಿ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಅಭಯಕ್ಕೂ ಸ್ಥಾನವಿದೆ. ಹೊಸ್ತಿಲಲ್ಲಿ ಗದರಿಸಿಕೊಳ್ಳುವೆನೋ ಎಂಬ ಅಂಜಿಕೆಯನ್ನು ಒಬ್ಬ ಮನುಷ್ಯನ ಮನಸ್ಸಿನಿಂದ ತೆಗೆಯುವುದಕ್ಕಿಂತ ದೊಡ್ಡ ಅಭಯದಾನ ಯಾವುದು?

ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವದ ಕಾಲದಲ್ಲಿ ಎಲ್ಲ ಪಂಥಗಳೂ ಒಪ್ಪಿಕೊಂಡ ಜೈನ ಪ್ರತೀಕ ಇಂದು ಬಸದಿಯ ಮಹಾದ್ವಾರದ ಮೇಲಿದೆ, ಲಗ್ನಪತ್ರಿಕೆಯ ನೆತ್ತಿಯ ಮೇಲಿದೆ. ಅದರಲ್ಲೊಂದು ಎತ್ತಿದ ಕೈ. ಅದರಡಿಯಲ್ಲಿ ಜೀವಗಳು ಒಂದಕ್ಕೊಂದು ಉಪಕರಿಸಿ ಬಾಳುತ್ತವೆಂಬ ತತ್ತ್ವಾರ್ಥಸೂತ್ರದ ಮಾತು. ಆ ಕೈ ಅಭಯದ ಕೈ. ಬಾಗಿಲಲ್ಲಿ ನಿಂತವನಿಗೆ ಅದು 'ದೂರ ನಿಲ್ಲು' ಎಂದು ಹೇಳುವಂತೆ ಕಂಡರೆ ದೋಷ ಪ್ರತೀಕದ್ದಲ್ಲ, ಬಾಗಿಲು ಕಾಯುವವರದು.